ಭಾಗಿಸಿದ್ದು ಬೆಳೆಯದು

ತೊಲುಬಾಯ್ ಅಗಾಯ್ ತಮ್ಮ ಜೀವಮಾನದಲ್ಲಿ ಬರೆದದ್ದು ಒಂದೇ ವಾಕ್ಯ: 'ಪಾಠವು ಉನ್ನತ ಮಟ್ಟದಲ್ಲಿ ನಡೆಯಿತು.' ಅಗಾಯ್ ಅಂದರೆ ನಮ್ಮ ಕಡೆ ಮೇಷ್ಟರು. ಇಪ್ಪತ್ತೆರಡು ವರ್ಷದಿಂದ ಅವರು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಗಣಿತದ ಮಾರ್ಗದರ್ಶಕರು. ಇಪ್ಪತ್ಮೂರು ಶಾಲೆಗಳ ಹಿಂದಿನ ಬೆಂಚುಗಳಲ್ಲಿ ಕೂತು ಆರುನೂರಕ್ಕೂ ಹೆಚ್ಚು ಪಾಠ ನೋಡಿದ್ದಾರೆ, ಪ್ರತಿ ಪಾಠಕ್ಕೂ ದಪ್ಪ ನೋಟುಪುಸ್ತಕದಲ್ಲಿ ಇದೇ ವಾಕ್ಯ ಬರೆದಿದ್ದಾರೆ. ಪಾಠ ಚೆನ್ನಾಗಿದ್ದರೆ 'ಉನ್ನತ' ಎಂಬ ಪದದ ಕೆಳಗೆ ಒಂದು ಗೆರೆ ಎಳೆಯುತ್ತಿದ್ದರು. ಕೆಟ್ಟದಾಗಿದ್ದರೆ ಗೆರೆ ಇಲ್ಲ. ಅವರ ಕಟುವಾದ ಟೀಕೆ ಅಂದರೆ ಅಷ್ಟೇ.

ಅವರನ್ನು ಬೈದು ಪ್ರಯೋಜನವಿಲ್ಲ. ನಮ್ಮ ಬೆಟ್ಟದ ಜಿಲ್ಲೆಯಲ್ಲಿ ಕಚೇರಿಯವರು ಶಾಲೆಗೆ ಬಂದರೆ ಮೊದಲು ಕುರಿ ಬೀಳುತ್ತದೆ, ಆಮೇಲೆ ಗಂಟೆ ಹೊಡೆಯುತ್ತದೆ. ಕೆನೆ, ಹಣ್ಣಿನ ಪಾಕ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೋರ್ಸೋಕ್ ಎಲ್ಲ ಮೇಜು ಕಾಣದ ಹಾಗೆ ಹರಡುತ್ತವೆ. ಕೊನೆಗೆ ಬೇಯಿಸಿದ ಕುರಿಯ ತಲೆಯನ್ನು ತಟ್ಟೆಯಲ್ಲಿಟ್ಟು ದೊಡ್ಡ ಅತಿಥಿಯ ಮುಂದೆ ತಂದಿಡುತ್ತಾರೆ. ಆ ತಲೆಯ ಕಿವಿ ಕೊಯ್ದು ಬಾಯಿಗೆ ಹಾಕಿಕೊಂಡವನು, 'ನಿಮ್ಮ ಏಳನೇ ತರಗತಿಗೆ ಕೂಡುವುದೇ ಬರುವುದಿಲ್ಲವಲ್ಲ' ಎಂದು ಯಾವ ಬಾಯಲ್ಲಿ ಹೇಳುವುದು? ಉಂಡ ಮನೆಯ ಜಂತೆ ಎಣಿಸಬಾರದು. ತೊಲುಬಾಯ್ ಅಗಾಯ್ ಲೆಕ್ಕದ ಮೇಷ್ಟರಾಗಿದ್ದೂ ಇಪ್ಪತ್ತೆರಡು ವರ್ಷದಲ್ಲಿ ಒಂದು ಜಂತೆ ಎಣಿಸಲಿಲ್ಲ.

ಒಂದೇ ವಾಕ್ಯ ಎಂದದ್ದು ಪೂರ್ತಿ ನಿಜವಲ್ಲ, ಇನ್ನೊಂದಿದೆ. ಮಾರ್ಗದರ್ಶಕರಾದ ಮೊದಲ ವರ್ಷ ಅವರು ಮೂರನೇ ತರಗತಿಗೆ ಒಂದು ಮಾದರಿ ಪಾಠ ಮಾಡಿದ್ದರು. ಮಕ್ಕಳಿಗೆ ಭಾಗಾಕಾರ ಬಾಯಲ್ಲಿ ನಿಲ್ಲಲಿ ಎಂದು ರಾತ್ರಿಯೆಲ್ಲ ಯೋಚಿಸಿ ಒಂದು ಸೂತ್ರ ಕಟ್ಟಿದ್ದರು: 'ಭಾಗಿಸಿದ್ದು ಬೆಳೆಯದು, ಬೆಳೆದರೆ ಅಳಿಸು.' ಹನ್ನೆರಡನ್ನು ಮೂರರಿಂದ ಭಾಗಿಸಿದರೆ ನಾಲ್ಕು ಬರಬೇಕು. ಮೂವತ್ತಾರು ಬಂದರೆ ಎಲ್ಲೋ ಎಡವಿದ್ದೀಯ, ರಬ್ಬರು ತಗೊ ಎಂದು ಅರ್ಥ. ಮಕ್ಕಳು ಒಕ್ಕೊರಲಿನಿಂದ ಕೂಗಿದರು. ಪ್ರಾಂತ್ಯದಿಂದ ಬಂದ ಅಧಿಕಾರಿಗಳು ಚಪ್ಪಾಳೆ ತಟ್ಟಿ ಒಂದು ಗೋಡೆ ಗಡಿಯಾರ ಬಹುಮಾನ ಕೊಟ್ಟರು. ಪಾಠದ ಪ್ರತಿ ಇಪ್ಪತ್ಮೂರು ಶಾಲೆಗೂ ಹೋಯಿತು, ಸೂತ್ರ ಕೆಂಪು ಬಣ್ಣದಲ್ಲಿ ಹಲಗೆಗಳ ಮೇಲೆ ಏರಿ ಗೋಡೆಗಳಿಗೆ ಬಂತು. ಗಡಿಯಾರ ಈಗಲೂ ಅವರ ಮನೆಯಲ್ಲಿದೆ, ಹತ್ತು ನಿಮಿಷ ಹಿಂದೆ ನಡೆಯುತ್ತದೆ.

ಜನವರಿಯಲ್ಲಿ ಪ್ರಾಂತ್ಯದವರು ಆರನೇ ತರಗತಿಯ ಮಕ್ಕಳಿಗೆಲ್ಲ ಒಂದು ಪರೀಕ್ಷೆ ಇಟ್ಟರು. ಫಲಿತಾಂಶ ಬಂದ ದಿನ ಕಚೇರಿಯ ಮುಖ್ಯಸ್ಥೆ ಸಲ್ಕಿನ್ ಅವರನ್ನು ಕರೆಸಿದಳು. ಒಂದು ಕಾಲಕ್ಕೆ ಅವರದೇ ಶಿಷ್ಯೆ. ಈಗ ಅವರ ಮೇಲಧಿಕಾರಿ.

"ಬಾಗಿಲು ಹಾಕ್ಕೊಂಡ್ ಬನ್ನಿ ಅಗಾಯ್."

"ಯಾಕಮ್ಮಾ, ಚಳೀನಾ?"

"ಚಳಿ ಒಳಗೆ ಬರುತ್ತೆ ಅಂತಲ್ಲ, ಮಾನ ಹೊರಗೆ ಹೋಗುತ್ತೆ ಅಂತ. ನಾವು ಕೊನೇಲಿ ಬಂದಿದೀವಿ."

"ಕೊನೇಲಿ ಅಂದ್ರೆ? ಯಾವ ಕಡೆಯಿಂದ?"

"ಲೆಕ್ಕದ ಮೇಷ್ಟ್ರು ನೀವು. ಕೊನೆಗೆ ಎಷ್ಟು ಕಡೆ ಇರುತ್ತೆ ನೀವೇ ಹೇಳಿ."

ಅದಕ್ಕಿಂತ ದೊಡ್ಡ ತಮಾಷೆ ಏಳನೇ ಪ್ರಶ್ನೆಯಲ್ಲಿತ್ತು. ಆರು ಮೀಟರ್ ಹಗ್ಗವನ್ನು ಅರ್ಧರ್ಧ ಮೀಟರಿನ ತುಂಡು ಮಾಡಿದರೆ ಎಷ್ಟು ತುಂಡು? ಹನ್ನೆರಡು. ಬೇರೆ ಜಿಲ್ಲೆಗಳ ಮಕ್ಕಳು ಅವರವರ ಯೋಗ್ಯತೆಗೆ ತಕ್ಕಂತೆ ಬೇರೆ ಬೇರೆ ತಪ್ಪು ಮಾಡಿದ್ದರು. ನಮ್ಮ ಜಿಲ್ಲೆಯ ಎಂಟುನೂರ ಎಪ್ಪತ್ತನಾಲ್ಕು ಮಕ್ಕಳಲ್ಲಿ ಹೆಚ್ಚುಕಮ್ಮಿ ಎಲ್ಲರೂ ಒಂದೇ ಉತ್ತರ ಬರೆದಿದ್ದರು: ಮೂರು.

"ಸಾಮೂಹಿಕವಾಗಿ ಕಾಪಿ ಹೊಡೆಸಿದ್ರಾ ಅಂತ ಪ್ರಾಂತ್ಯದವರು ಕೇಳ್ತಿದಾರೆ," ಎಂದಳು ಸಲ್ಕಿನ್. "ಕಾಪಿ ಹೊಡ್ಸೋರು ಸರಿಯಾಗಿರೋದನ್ನ ಹೊಡ್ಸಲ್ವಾ ಸ್ವಾಮಿ ಅಂದೆ. ಒಂದು ಶಾಲೆ ಮಾತ್ರ ಬೇರೆ. ಮೇಲಿನ ಅರ್ಚಾಲಿ. ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತೆಂಟು ಮಕ್ಕಳು ಹನ್ನೆರಡು ಬರೆದಿದಾರೆ. ಅಲ್ಲಿ ಕೆಂಜೆಕಾನ್ ಎಜೆ ಏನೋ ಮಾಡ್ತಿದಾರೆ. ಅದೇನು ಅಂತ ತಿಳ್ಕೊಂಡ್ ಬನ್ನಿ, ಎಲ್ಲಾ ಶಾಲೆಗೂ ಹೇಳಿ. ಏಪ್ರಿಲ್ ಕೊನೇಲಿ ಇನ್ನೊಂದು ಪರೀಕ್ಷೆ ಇದೆ. ಆಗ್ಲೂ ಹಿಂಗೇ ಆದ್ರೆ ನಿಮ್ಮ ಹುದ್ದೆ ತೆಗೆದು ವ್ಯಾಯಾಮದ ಜಪಾರ್‌ಗೆ ಸೇರಿಸ್ತಾರೆ."

"ಜಪಾರ್‌ಗಾ? ಅವನಿಗೆ ಲೆಕ್ಕ ಎಲ್ಲಿ ಬರುತ್ತೆ?"

"ಒಂದು-ಎರಡು, ಒಂದು-ಎರಡು ಅಂತ ಹೇಳಿಸ್ತಾರಲ್ಲ. ನಮ್ಮ ಫಲಿತಾಂಶಕ್ಕೆ ಅಷ್ಟು ಸಾಕು."

ಹುದ್ದೆ ಹೋಗುತ್ತದೆ ಎಂಬುದಕ್ಕಿಂತ, ಸೀಟಿ ಊದುವವನಿಗೆ ಹೋಗುತ್ತದೆ ಎಂಬುದು ಅಗಾಯ್‌ಗೆ ಚುಚ್ಚಿತು. ಮರುದಿನವೇ ಪರೀಕ್ಷೆಯ ಹಾಳೆಗಳ ಕಟ್ಟನ್ನು ಹಳೇ ಕಾರಿನಲ್ಲಿ ಹಾಕಿಕೊಂಡು ಅರ್ಚಾಲಿಗೆ ಹೊರಟರು.

ಕೆಂಜೆಕಾನ್‌ಗೆ ಅರವತ್ತೊಂದು ವಯಸ್ಸು. ಮೂವತ್ತೆಂಟು ವರ್ಷದಿಂದ ಅದೇ ಶಾಲೆ, ಅದೇ ಕಪ್ಪು ಹಲಗೆ. ತೊಲುಬಾಯ್‌ಗಿಂತ ನಾಲ್ಕು ವರ್ಷ ದೊಡ್ಡವರಾದ್ದರಿಂದ ಅವರು ಆಕೆಯನ್ನು ಎಜೆ, ಅಂದರೆ ಅಕ್ಕ ಎನ್ನುತ್ತಿದ್ದರು. ಕಚೇರಿಯಿಂದ ಬಂದವರಾದ್ದರಿಂದ ಆಕೆ ಅವರನ್ನು ಅಗಾಯ್ ಎನ್ನುತ್ತಿದ್ದರು. ಕಾರು ಹಳ್ಳದ ಸೇತುವೆ ದಾಟುವಾಗ ಶಾಲೆಯ ಕಡೆ ಮಕ್ಕಳು ಏನೋ ಕೂಗಿದ್ದು ಕೇಳಿಸಿತು. ನನ್ನನ್ನು ಕಂಡರೆ ಎಷ್ಟು ಸಂತೋಷ ಈ ಮಕ್ಕಳಿಗೆ ಎಂದುಕೊಂಡರು.

ತರಗತಿಗೆ ಕಾಲಿಟ್ಟರೆ ಗೋಡೆಯ ಮೇಲೆ ಅವರದೇ ಸೂತ್ರ. ಪಕ್ಕದ ಭೂಪಟ ಬಿಸಿಲಿಗೆ ಬೆಳ್ಳಗಾಗಿ ಸಮುದ್ರ ಯಾವುದು ನೆಲ ಯಾವುದು ತಿಳಿಯುತ್ತಿರಲಿಲ್ಲ. ಸೂತ್ರದ ಹಲಗೆಯ ಕೆಂಪು ಮಾತ್ರ ನಿನ್ನೆ ಬಳಿದ ಹಾಗಿತ್ತು. ಎಷ್ಟು ಜೋಪಾನ ಮಾಡಿದ್ದಾರೆ ಎಂದು ಅಗಾಯ್‌ಗೆ ಕಣ್ಣು ತುಂಬಿತು. ಪಾಠ ನೋಡಿದರು. ಚೆನ್ನಾಗಿತ್ತು. ಏಕೆ ಚೆನ್ನಾಗಿತ್ತು ಎಂದು ಅವರಿಗೆ ಗೊತ್ತಾಗಲಿಲ್ಲ, ಏಕೆಂದರೆ ಅಡುಗೆಮನೆಯಿಂದ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು.

ಊಟಕ್ಕೆ ಕೂತಾಗ ಕೇಳಿದರು: "ಎಜೆ, ನಿಮ್ಮ ಮಕ್ಕಳು ಹನ್ನೆರಡು ಬರೆದ್ರಲ್ಲ. ಏನು ಗುಟ್ಟು?"

"ಗುಟ್ಟೇನು ಬಂತು ಅಗಾಯ್? ಎಲ್ಲಾ ನಿಮ್ಮ ಮಾರ್ಗದರ್ಶನ. ತಗೊಳ್ಳಿ, ತಲೆ ತಣ್ಣಗಾಗುತ್ತೆ."

ತಗೊಂಡರು. ಸಂಜೆ ನೋಟುಪುಸ್ತಕದಲ್ಲಿ 'ಉನ್ನತ'ದ ಕೆಳಗೆ ಎರಡು ಗೆರೆ ಎಳೆದು, ಮನೆಗೆಂದು ಕಟ್ಟಿಕೊಟ್ಟ ಮಾಂಸದ ಗಂಟು ಹಿಡಿದು ಮನೆ ಸೇರಿದರು. ಹೆಂಡತಿ ಬುರುಲ್ಚಾ ಗಂಟು ಬಿಚ್ಚಿ ನೋಡಿದಳು.

"ಏನ್ ಕಲಿತ್ಕೊಂಡ್ ಬಂದೆ ಮುದುಕಪ್ಪಾ?"

"ಸಂಶೋಧನೆ ನಡೀತಿದೆ."

"ಪಕ್ಕೆಲುಬು ತನಕ ಬಂದಿದೆ ಅಂತ ಕಾಣುತ್ತೆ."

ಫೆಬ್ರವರಿಯಲ್ಲಿ ಇನ್ನೊಂದು ಸಲ ಹೋದರು. ಈ ಸಲ ಹಟ ತೊಟ್ಟಿದ್ದರು: ಮೊದಲು ಮಾತು, ಆಮೇಲೆ ಊಟ. ಆದರೆ ಕೆಂಜೆಕಾನ್ ಶಾಲೆಯ ಗೇಟಿನಲ್ಲೇ ರೊಟ್ಟಿ ಹಿಡಿದು ನಿಂತಿದ್ದರು. ರೊಟ್ಟಿಗೆ ಬೇಡ ಎನ್ನುವ ಮನುಷ್ಯ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಅಲ್ಲಿಗೆ ಅವರು ಅತಿಥಿ, ಆಕೆ ಮನೆಯಾಕೆ, ಕಥೆ ಮುಗಿಯಿತು.

"ಎಜೆ, ದಮ್ಮಯ್ಯ ಅಂತೀನಿ. ನನ್ನ ಕೆಲಸದಲ್ಲಿ ಒಂದು ತಪ್ಪು ಹೇಳಿ. ಒಂದೇ ಒಂದು."

"ಬಾಗಿಲಿಗೆ ಬಂದೋರ ಮುಖ ಬಾಡಿಸಿದ್ರೆ ನಮ್ಮತ್ತೆ ಗೋರಿಯಿಂದ ಎದ್ದು ಬರ್ತಾಳೆ. ಟೀ ಕುಡೀರಿ."

ವಾಪಸು ಬರುವಾಗ ಅಗಾಯ್ ತಮ್ಮನ್ನು ತಾವೇ ಬೈದುಕೊಂಡರು. ಪ್ರಾಂತ್ಯದಲ್ಲೇ ಹೆಚ್ಚು ಪಾಠ ನೋಡಿದವನು ನೀನು, ಒಬ್ಬ ಹೆಂಗಸಿನ ಬಾಯಿಂದ ಒಂದು ಮಾತು ಹೊರಡಿಸಲಾರೆ. ಜಪಾರ್ ಆಗಿದ್ದರೆ ಸೀಟಿಯನ್ನಾದರೂ ಊದುತ್ತಿದ್ದ.

ಅಷ್ಟರಲ್ಲಿ ಓರೋಜೊ ಬಂತು, ಉಪವಾಸದ ತಿಂಗಳು. ಅಗಾಯ್ ದೇವರಿಲ್ಲ ಎಂದು ಕಲಿಸುತ್ತಿದ್ದ ಹಳೇ ಕಾಲದ ಶಾಲೆಯಲ್ಲಿ ಓದಿದವರು, ಹುಟ್ಟಿದಂದಿನಿಂದ ಒಂದು ದಿನ ಉಪವಾಸ ಹಿಡಿದವರಲ್ಲ. ಆದರೆ ಒಂದು ಬೆಳಿಗ್ಗೆ ಟೀ ಕುಡಿಯುತ್ತ ಕೂತಿದ್ದಾಗ ಬುದ್ಧಿ ಹೊಳೆಯಿತು. ಉಪವಾಸದವನಿಗೆ ಯಾರೂ ಊಟ ಇಡುವುದಿಲ್ಲ. ಊಟ ಇಲ್ಲದಿದ್ದರೆ ಅತಿಥಿಯಲ್ಲ. ಅತಿಥಿಯಲ್ಲದಿದ್ದರೆ ಮುಖ ಬಾಡಿಸಲು ಅಡ್ಡಿಯಿಲ್ಲ. ಇಷ್ಟು ಚೊಕ್ಕವಾದ ತರ್ಕ ಇಪ್ಪತ್ತೆರಡು ವರ್ಷದಲ್ಲಿ ಅವರ ತಲೆಯಿಂದ ಬಂದಿರಲಿಲ್ಲ.

"ನಾನು ಇವತ್ತು ಉಪವಾಸ," ಎಂದರು.

ಬುರುಲ್ಚಾ ಅವರ ಕೈಯ ಟೀ ಬಟ್ಟಲನ್ನೂ ಅವರ ಮುಖವನ್ನೂ ನೋಡಿದಳು. "ಯಾವಾಗಿಂದ?"

"ಈ ಬಟ್ಟಲು ಮುಗಿದ್ಮೇಲಿಂದ."

ಕಾರಿನ ಮುಂದಿನ ಖಾನೆಯಲ್ಲಿ ಒಂದು ಪೊಟ್ಟಣ ಬಿಸ್ಕತ್ತು ಇಟ್ಟುಕೊಂಡು ಹೊರಟರು. ಸೇತುವೆಗೆ ಮುಂಚೆ ಮರದ ಮರೆಯಲ್ಲಿ ಕಾರು ನಿಲ್ಲಿಸಿ ನಾಲ್ಕು ಬಿಸ್ಕತ್ತು ತಿಂದರು. ಗೇಟಿನಲ್ಲಿ ರೊಟ್ಟಿ ಹಿಡಿದು ನಿಂತಿದ್ದ ಕೆಂಜೆಕಾನ್‌ಗೆ ಎದೆಯ ಮೇಲೆ ಕೈಯಿಟ್ಟು, "ಓರೋಜೊ, ಎಜೆ," ಎಂದರು. ಆಕೆ ಒಂದು ಗಳಿಗೆ ಅವರ ಮುಖ ನೋಡಿ, ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, "ದೇವರು ಒಪ್ಕೊಳ್ಳಲಿ," ಎಂದರು.

ಊಟದ ವಾಸನೆ ಇಲ್ಲದೆ ಪಾಠ ನೋಡಿದ್ದು ಅದೇ ಮೊದಲು. ಮಕ್ಕಳು ನಿಜವಾದ ಹಗ್ಗ ಹಿಡಿದು, ತುಂಡು ಮಾಡಿ, ಎಣಿಸಿ, ಜಗಳವಾಡಿ, ಮತ್ತೆ ಎಣಿಸುತ್ತಿದ್ದರು. ತಪ್ಪು ಬರೆದವರು ಅದನ್ನು ಅಳಿಸುತ್ತಿರಲಿಲ್ಲ. ಪಕ್ಕದಲ್ಲೇ ಇನ್ನೊಂದು ಬರೆದು ಎರಡನ್ನೂ ಇಟ್ಟುಕೊಂಡು ನೋಡುತ್ತಿದ್ದರು. ಗಂಟೆ ಹೊಡೆದ ಮೇಲೆ ಅಗಾಯ್ ಕೆಂಜೆಕಾನ್ ಎದುರು ಕೂತರು.

"ಈಗ ಹೇಳಿ ಎಜೆ. ನಾನು ನಿಮ್ಮ ಅತಿಥಿ ಅಲ್ಲ. ನಿಮ್ಮ ರೊಟ್ಟೀನೂ ಮುಟ್ಟಿಲ್ಲ."

"ಅಯ್ಯೋ, ಉಪವಾಸ ಇರೋರ ಮನಸ್ಸು ನೋಯಿಸ್ತಾರಾ ಯಾರಾದ್ರೂ? ಅದು ಇನ್ನೂ ದೊಡ್ಡ ಪಾಪ. ಸಂಜೆ ಉಪವಾಸ ನಮ್ಮನೇಲೇ ಬಿಡಿ, ಊರ ಹಿರಿಯರಿಗೂ ಹೇಳಿ ಕಳಿಸಿದೀನಿ."

ಬೇರೆಯವರಿಗೆ ತೋಡಿದ ಗುಂಡಿಯಲ್ಲಿ ಬಿದ್ದವರುಂಟು. ತಮಗೇ ಎಂದು ತೋಡಿ, ಅಳತೆ ನೋಡಿ ಬಿದ್ದವರು ಅಗಾಯ್ ಒಬ್ಬರೇ ಇರಬೇಕು.

ಸಂಜೆ ಕೆಂಜೆಕಾನ್ ಮನೆಯಲ್ಲಿ ಹಾಸು ಹಾಸಿ, ಹಿಂದೆಂದೂ ಇಲ್ಲದಷ್ಟು ತಿಂಡಿ ಹರಡಿದ್ದರು. ಊರಿನ ಹಿರಿಯ ಮುದುಕ ಸುಲೈಮಾನ್ ಅಜ್ಜ ಸೂರ್ಯ ಬೆಟ್ಟದ ಹಿಂದೆ ಇಳಿಯುವುದನ್ನು ಕಿಟಕಿಯಿಂದ ನೋಡಿ, ಖರ್ಜೂರದ ತಟ್ಟೆಯನ್ನು ಅಗಾಯ್ ಮುಂದೆ ಸರಿಸಿದ.

"ಅಷ್ಟು ದೂರದಿಂದ ಬಂದು ಉಪವಾಸ ಹಿಡಿದಿದೀಯ ಮಗಾ. ನಿನ್ನ ಪ್ರಾರ್ಥನೆಗೆ ಬಲ ಜಾಸ್ತಿ. ನಮ್ಮ ಮಕ್ಕಳ ಓದಿಗೆ ನೀನೇ ಬೇಡ್ಕೊ, ನಾವು ಹಿಂದಿನಿಂದ ಆಮೀನ್ ಅಂತೀವಿ."

ಎಲ್ಲರೂ ಅಂಗೈ ಎತ್ತಿದರು. ಅಗಾಯ್ ಕೂಡ ಎತ್ತಿದರು. ಆರುನೂರು ಸಲ 'ಉನ್ನತ ಮಟ್ಟ' ಎಂದು ಬರೆದ ಕೈಗಳು ಅವು. ಎದುರಿಗೆ ಕೂತ ಏಳೆಂಟು ಜನ ಬೆಳಗಿನಿಂದ ಒಂದು ಹನಿ ನೀರು ಕುಡಿಯದೆ, ತಮ್ಮ ಮಕ್ಕಳಿಗೆ ಲೆಕ್ಕ ಬರಲಿ ಎಂದು ಈ ಮನುಷ್ಯನ ಬಾಯಿ ನೋಡುತ್ತಿದ್ದರು. ಅಗಾಯ್‌ಗೆ ನಾಚಿಕೆಯಾಯಿತು. ಬದುಕಿನಲ್ಲಿ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

"ನನ್ನಿಂದಾಗಲ್ಲ ಅಜ್ಜಾ," ಎಂದು ಕೈ ಇಳಿಸಿದರು. "ನಾನು ಉಪವಾಸ ಇಲ್ಲ. ಬೆಳಿಗ್ಗೆ ಟೀ ಕುಡಿದಿದೀನಿ. ಸೇತುವೆ ಹತ್ರ ನಾಲ್ಕು ಬಿಸ್ಕತ್ತೂ ತಿಂದಿದೀನಿ."

ಕೆಂಜೆಕಾನ್ ಟೀ ಬಗ್ಗಿಸುತ್ತಲೇ ಹೇಳಿದರು: "ಗೊತ್ತು. ಗೇಟಲ್ಲೇ ನೋಡ್ದೆ. ಮೀಸೇಲಿ ಪುಡಿ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಬಂದೋರ ಮೀಸೆ ಒರೆಸೋದು ನನ್ನ ಕೆಲ್ಸ ಅಲ್ಲ."

ಸುಲೈಮಾನ್ ಅಜ್ಜ ಹಲ್ಲಿಲ್ಲದ ಬಾಯಲ್ಲಿ ಬಿದ್ದು ಬಿದ್ದು ನಕ್ಕ. "ದಾರೀಲಿರೋನಿಗೆ ಉಪವಾಸ ಕಡ್ಡಾಯ ಅಲ್ಲ ಕಣೋ ಪೆದ್ದಾ! ತಿಂದಿದ್ದಕ್ಕೆ ಪಾಪ ಇಲ್ಲ. ಹೇಳೇ ತಿನ್ನಬಹುದಿತ್ತು." ಆಮೇಲೆ ತಾನೇ ಪ್ರಾರ್ಥನೆ ಮಾಡಿ ಖರ್ಜೂರ ಬಾಯಿಗೆ ಹಾಕಿಕೊಂಡ. ಎಲ್ಲರೂ ತಿನ್ನಲು ತೊಡಗಿದರು. ಅಗಾಯ್ ಮಾತ್ರ ತಟ್ಟೆ ಮುಟ್ಟದೆ ತಲೆ ತಗ್ಗಿಸಿ ಕೂತಿದ್ದರು.

ಕೆಂಜೆಕಾನ್ ಕೈ ಒರೆಸಿಕೊಂಡು ಅವರ ಪಕ್ಕಕ್ಕೆ ಬಂದು ಕೂತರು.

"ನಿನ್ನ ಮುಖ ನೀನೇ ಬಾಡಿಸ್ಕೊಂಡೆ. ಇನ್ನು ನಾನು ಬಾಡಿಸೋಕೆ ಏನೂ ಉಳಿದಿಲ್ಲ. ಅಗಾಯ್ ಅನ್ನೋದನ್ನ ಇವತ್ತೊಂದಿನ ಬಿಡ್ತೀನಿ ತೊಲುಬಾಯ್, ಅಕ್ಕನಾಗಿ ಮಾತಾಡ್ತೀನಿ. ಆ ಪರೀಕ್ಷೆ ಹಾಳೆ ಕಾರಲ್ಲಿದಾವಾ?"

ಕಟ್ಟು ತಂದರು. ಆಕೆ ಒಂದು ಹಾಳೆ ಎಳೆದು, ಏಳನೇ ಪ್ರಶ್ನೆಯನ್ನು ದೀಪಕ್ಕೆ ಅಡ್ಡ ಹಿಡಿದರು.

"ಮೂರರ ಕೆಳಗೆ ನೋಡು."

ಅಗಾಯ್ ಕನ್ನಡಕ ಸರಿಮಾಡಿಕೊಂಡು ನೋಡಿದರು. ಪೆನ್ಸಿಲಿನ ಮೂರರ ಕೆಳಗೆ, ಕಾಗದದಲ್ಲಿ ಒತ್ತಿಹೋದ ಗುರುತು. ಒಂದು, ಪಕ್ಕದಲ್ಲಿ ಎರಡು. ಹನ್ನೆರಡು. ರಬ್ಬರಿನಿಂದ ಉಜ್ಜಿ ಕಾಗದ ತೆಳ್ಳಗಾಗಿತ್ತು. ಇನ್ನೊಂದು ಹಾಳೆ ತೆಗೆದರು. ಅದರಲ್ಲೂ ಹನ್ನೆರಡು. ಇನ್ನೊಂದು. ಮತ್ತೊಂದು.

"ಮಕ್ಕಳಿಗೆ ಬಂದಿತ್ತು," ಎಂದರು ಕೆಂಜೆಕಾನ್. "ಲೆಕ್ಕ ಮಾಡಿ ಹನ್ನೆರಡು ಬರೆದ್ರು. ಬರೆದು ನೋಡಿದ್ರೆ ಆರಕ್ಕಿಂತ ದೊಡ್ಡದು. ಭಾಗಿಸಿದ್ದು ಬೆಳೆದುಬಿಡ್ತು. ಬೆಳೆದ್ರೆ ಏನು ಮಾಡ್ಬೇಕು ತೊಲುಬಾಯ್?"

ಅವರು ಇನ್ನೂ ಒಂದು ಹಾಳೆ ಎಳೆದುಕೊಂಡರು.

"ಹೇಳು. ಗೋಡೆ ಮೇಲಿದೆಯಲ್ಲ."

"ಅಳಿಸ್ಬೇಕು," ಎಂದರು ಅಗಾಯ್.

"ಮೂರನೇ ಕ್ಲಾಸಿಗೆ ಅದು ಸರಿ. ಪೂರ್ತಿ ಸಂಖ್ಯೆಗೆ ಸರಿ. ಅರ್ಧ, ಕಾಲು ಬಂದ್ಮೇಲೆ ಸುಳ್ಳು. ಅರ್ಧದಿಂದ ಭಾಗಿಸಿದ್ರೆ ಬೆಳೆಯುತ್ತೆ. ನಿಂಗೂ ಗೊತ್ತು ಅದು."

"ಗೊತ್ತು. ಆದ್ರೆ ಯೋಚ್ನೆ ಮಾಡ್ಲಿಲ್ಲ." ತಟ್ಟನೆ ನೆನಪಾಗಿ ಕೇಳಿದರು: "ನಿಮ್ಮ ಗೋಡೇಲೂ ಇದೆಯಲ್ಲ ಎಜೆ?"

"ನಿನ್ನ ಕಾರು ಸೇತುವೆ ದಾಟಿದ ಕೂಡ್ಲೆ ಮಕ್ಕಳು ಕೂಗ್ತಾರೆ, ತಂದು ತಗುಲಿ ಹಾಕ್ತೀವಿ. ನೀನು ಹೋದ್ಮೇಲೆ ಮತ್ತೆ ಕಲ್ಲಿದ್ದಲಿನ ಕೋಣೆಗೆ. ಬಿಸಿಲೇ ಕಂಡಿಲ್ಲ ಅದು."

"ಇಪ್ಪತ್ತೆರಡು ವರ್ಷ ಎಜೆ! ಒಂದು ಮಾತು ಹೇಳ್ಬಾರ್ದಿತ್ತಾ?"

"ಪ್ರತಿ ಸಲ ಹೇಳೋಣ ಅಂತಾನೇ ಬರ್ತಿದ್ದೆ. ನೀನು ಅಷ್ಟು ಸಂತೋಷವಾಗಿ ಉಣ್ತಿದ್ದೆ." ಆಕೆ ಹಾಳೆಯನ್ನು ಮಡಿಯದ ಹಾಗೆ ಕಟ್ಟಿನ ಮೇಲಿಟ್ಟರು. "ನಂದೂ ತಪ್ಪೇ. ನನ್ನ ಮಕ್ಕಳನ್ನ ಉಳಿಸ್ಕೊಂಡೆ. ಮಿಕ್ಕ ಇಪ್ಪತ್ತೆರಡು ಶಾಲೆ ಮಕ್ಕಳನ್ನ ನಿನ್ನ ಮರ್ಯಾದೆಗೆ ಬಿಟ್ಟುಕೊಟ್ಟೆ."

ಮನೆಗೆ ಬಂದ ಅಗಾಯ್ ಮರುದಿನ ಬೆಳಕು ಹರಿದ ಮೇಲೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಎಂಟುನೂರ ಎಪ್ಪತ್ತನಾಲ್ಕು ಹಾಳೆಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಐನೂರ ಹನ್ನೊಂದು ಅಳಿಸಿದ ಹನ್ನೆರಡು ಸಿಕ್ಕವು. ಇದು ಒಂದು ವರ್ಷದ ಮಕ್ಕಳದು. ಇಪ್ಪತ್ತೆರಡರಿಂದ ಗುಣಿಸಬೇಕು ಎಂದು ಪೆನ್ನು ತೆಗೆದವರು ಗುಣಿಸಲಾರದೆ ಅಳತೊಡಗಿದರು.

ಬುರುಲ್ಚಾ ಅಡುಗೆಮನೆಯಿಂದ ಓಡಿ ಬಂದಳು. "ಏನಾಯ್ತು ಮುದುಕಪ್ಪಾ? ಯಾರು ಹೋದ್ರು?"

"ಯಾರೂ ಇಲ್ಲ. ಲೆಕ್ಕ ಸಿಕ್ತು."

ಮಧ್ಯಾಹ್ನ ಅವರು ಗೋಡೆಯ ಗಡಿಯಾರ ಇಳಿಸಿ ಅಟ್ಟಕ್ಕೆ ಹಾಕಿದರು. ಅದು ಸರಿಯಾದ ಹೊತ್ತನ್ನೂ ತೋರಿಸುತ್ತಿರಲಿಲ್ಲ ಎಂದು ಬುರುಲ್ಚಾ ಸಮಾಧಾನ ಹೇಳಿದಳು.

ಏಪ್ರಿಲ್ ಮೊದಲ ವಾರ, ಉಪವಾಸದ ತಿಂಗಳು ಕಳೆದ ಮೇಲೆ, ಇಪ್ಪತ್ಮೂರು ಶಾಲೆಗೂ ಒಂದು ಸುತ್ತೋಲೆ ಹೋಯಿತು. ಜಿಲ್ಲಾ ಕೇಂದ್ರದ ಶಾಲೆಯಲ್ಲಿ ಆರನೇ ತರಗತಿಗೆ ತೊಲುಬಾಯ್ ಅಗಾಯ್ ಪಾಠ ಮಾಡುತ್ತಾರೆ. ಮುಂಚಿತವಾಗಿ ಅಭ್ಯಾಸ ಮಾಡಿಸಿರುವುದಿಲ್ಲ. ಲೆಕ್ಕದ ಮೇಷ್ಟರು, ಮೇಷ್ಟರಮ್ಮಂದಿರು ಎಲ್ಲರೂ ಬಂದು ಹಿಂದೆ ಕೂರಬೇಕು. ಕುರಿ ಅಗಾಯ್‌ದೇ. ಆದರೆ ಪ್ರತಿಯೊಬ್ಬರೂ ಪಾಠದಲ್ಲಿ ಕಂಡ ಒಂದೊಂದು ತಪ್ಪು ಹೇಳುವವರೆಗೆ ಒಲೆಯ ಮೇಲಿನ ಹಂಡೆ ಇಳಿಸುವುದಿಲ್ಲ. ಕೊನೆಯ ಸಾಲು ಓದಿ ಸಲ್ಕಿನ್, "ಇದು ಸುತ್ತೋಲೆನಾ ಬೆದರಿಕೆನಾ ಅಗಾಯ್?" ಎಂದು ಕೇಳಿ, ಸಹಿ ಹಾಕಿದಳು.

ಇಪ್ಪತ್ತೆರಡು ವರ್ಷ ಹಿಂದಿನ ಬೆಂಚಿನಲ್ಲಿ ಕೂತವನಿಗೆ ಮುಂದೆ ನಿಲ್ಲುವುದು ಎಂದರೆ ಏನು ಎಂಬುದು ಮರೆತೇ ಹೋಗಿರುತ್ತದೆ. ಸೀಮೆಸುಣ್ಣ ಎರಡು ಸಲ ಮುರಿಯಿತು. ಹಗ್ಗ ತಂದಿದ್ದರು, ಕತ್ತರಿ ಮರೆತಿದ್ದರು. ಅಡುಗೆಮನೆಯಿಂದ ಚಾಕು ತರಿಸಿ ತಾವೇ ತುಂಡು ಮಾಡಿದರು. ಅದೇ ಹಗ್ಗದ ಪ್ರಶ್ನೆ ಹೇಳಿ, ಮಕ್ಕಳು ಬರೆಯುವಾಗ ಸಾಲುಗಳ ನಡುವೆ ನಡೆದರು.

ಮೂರನೇ ಸಾಲಿನಲ್ಲಿ ಅಕ್ಮರಾಲ್ ಎಂಬ ಹುಡುಗಿ. ಅವಳ ಪುಸ್ತಕದಲ್ಲಿ ಹನ್ನೆರಡು ಇತ್ತು. ಅವಳು ಅದನ್ನು ನೋಡಿದಳು, ಗೋಡೆಯ ಮೇಲಿನ ಕೆಂಪು ಅಕ್ಷರ ನೋಡಿದಳು, ರಬ್ಬರು ಕೈಗೆತ್ತಿಕೊಂಡಳು. ಅಗಾಯ್ ತಮಗರಿವಿಲ್ಲದೆ ತಮ್ಮ ಅಂಗೈಯನ್ನು ಆ ಹನ್ನೆರಡರ ಮೇಲಿಟ್ಟುಬಿಟ್ಟರು.

"ಬೇಡಮ್ಮ, ಅಳಿಸ್ಬೇಡ."

"ಬೆಳೆದುಬಿಟ್ಟಿದೆ ಅಗಾಯ್."

"ಬೆಳೀಲಿ ಬಿಡು. ಹಗ್ಗ ಎಣಿಸಿ ನೋಡು."

ಎಣಿಸಿದಳು. ಹನ್ನೆರಡು. ಆದರೂ ಅವಳಿಗೆ ನಂಬಿಕೆ ಬರಲಿಲ್ಲ, ಗೋಡೆ ತೋರಿಸಿದಳು. "ಮತ್ತೆ ಅದು? ಅದನ್ನ ಯಾರು ಹೇಳಿದ್ದು?"

ಅಗಾಯ್ ಗೋಡೆಯ ಹತ್ತಿರ ಹೋಗಿ ಹಲಗೆ ಇಳಿಸಿ, ಬರಹ ಕಾಣದ ಹಾಗೆ ನೆಲದ ಮೇಲಿಟ್ಟರು.

"ನಾನು ಹೇಳಿದ್ದು ಮಗಾ. ತಪ್ಪು ಹೇಳಿದ್ದೆ. ನೀನು ಮಾಡಿದ್ದೇ ಸರಿ."

ತರಗತಿಯಲ್ಲಿ ಮಕ್ಕಳೆಲ್ಲ ಬರೆದುಕೊಳ್ಳಲು ಪೆನ್ಸಿಲು ಎತ್ತಿ ಹಿಡಿದರು. ಅಕ್ಮರಾಲ್ ವಿನಯದಿಂದ ಕೇಳಿದಳು: "ಇದನ್ನೂ ಕೆಂಪು ಶಾಯೀಲಿ ಬರ್ಕೋಬೇಕಾ ಅಗಾಯ್?"

ಪಾಠ ಮುಗಿದ ಮೇಲೆ ತಪ್ಪು ಹೇಳುವ ಸರದಿ ಹಿಂದೆ ಕೂತ ಇಪ್ಪತ್ಮೂರು ಜನರದು. ಮಾಂಸ ಬೇಯುವ ವಾಸನೆ ಒಳಗೆ ಬರುತ್ತಿತ್ತು. ಯಾರೋ ಒಬ್ಬರು, "ಪಾಠ ಉನ್ನತ..." ಎಂದು ಶುರು ಮಾಡಿದರು. ಅಗಾಯ್ ಒಲೆಯ ಕಡೆ ನೋಡಿ, "ಇನ್ನೆರಡು ಕಟ್ಟಿಗೆ ಹಾಕ್ರಪ್ಪಾ, ತಡ ಆಗುತ್ತೆ," ಎಂದು ಕೂಗಿದರು.

ಕೊನೆಗೆ ಕೆಂಜೆಕಾನ್ ಎದ್ದರು. "ಮಾತು ಜಾಸ್ತಿ ಆಯ್ತು ಅಗಾಯ್. ಹಗ್ಗಾನ ನೀವು ಕುಯ್ದ್ರಿ. ಮಕ್ಕಳು ಕುಯ್ಯಬೇಕಿತ್ತು."

ಕಟ್ಟೆ ಒಡೆಯಿತು. ಹಿಂದಿನ ಸಾಲಿನ ಹುಡುಗರ ಕಡೆ ತಿರುಗಿಯೂ ನೋಡಲಿಲ್ಲ ಎಂದರು ಒಬ್ಬರು. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದೇ ಇಲ್ಲ ಎಂದರು ಇನ್ನೊಬ್ಬರು. ನಿಮ್ಮ ಎಂಟು ಮೂರರ ಹಾಗೆ ಕಾಣುತ್ತದೆ, ಹತ್ತು ವರ್ಷದಿಂದ ಹೇಳಬೇಕು ಅಂತಿದ್ದೆ ಎಂದು ಮತ್ತೊಬ್ಬರು ಹಳೇ ಸಿಟ್ಟನ್ನೂ ತೀರಿಸಿಕೊಂಡರು. ಮುಕ್ಕಾಲು ಗಂಟೆ ನಡೆಯಿತು. ಆಮೇಲೆ ಅವರವರೇ ತಮ್ಮ ತಮ್ಮ ತರಗತಿಯ ತಪ್ಪುಗಳನ್ನು ಹೇಳಿಕೊಳ್ಳಲು ತೊಡಗಿದರು. ಅಗಾಯ್ ಎಲ್ಲವನ್ನೂ ದಪ್ಪ ನೋಟುಪುಸ್ತಕದಲ್ಲಿ ಬರೆದುಕೊಂಡರು. ಒಂದೇ ದಿನದಲ್ಲಿ ಒಂಬತ್ತು ಪುಟ ತುಂಬಿತು. ಅವರಿಗೆ ಚುಚ್ಚಿತು, ಸುಳ್ಳೇಕೆ ಹೇಳಬೇಕು. ಎಂಟು ಮೂರರ ಹಾಗೆ ಕಾಣುತ್ತದೆ ಎಂದದ್ದು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಹಂಡೆ ಇಳಿಸಿದರು. ಕುರಿಯ ತಲೆಯನ್ನು ಅಗಾಯ್ ತಾವೇ ಎತ್ತಿಕೊಂಡು ಹೋಗಿ ಕೆಂಜೆಕಾನ್ ಮುಂದಿಟ್ಟರು. ಹೆಂಗಸಿಗೆ ತಲೆ ಇಡುವ ಪದ್ಧತಿ ಇಲ್ಲ ಎಂದು ಯಾರೋ ಗೊಣಗಿದರು. ಅದನ್ನೂ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ ಎಂದರು ಅಗಾಯ್.

ಮುಂದಿನ ಮೂರು ವಾರ ಹಳೇ ಕಾರು ಶಾಲೆಯಿಂದ ಶಾಲೆಗೆ ಓಡಿತು. ಅಗಾಯ್ ಕೆಂಪು ಹಲಗೆಗಳನ್ನು ಇಳಿಸಿ, ಹಗ್ಗದ ಸುರುಳಿ ಕೊಟ್ಟು ಬಂದರು. ಏಪ್ರಿಲ್ ಕೊನೆಗೆ ಪರೀಕ್ಷೆ ನಡೆದು, ಫಲಿತಾಂಶ ಬಂತು. ಪವಾಡವೇನೂ ಆಗಲಿಲ್ಲ. ಜಿಲ್ಲೆ ಕೊನೆಯಿಂದ ನಾಲ್ಕನೆಯದಾಯಿತು.

"ಹುದ್ದೆ ಉಳೀತು," ಎಂದಳು ಸಲ್ಕಿನ್. "ಆದ್ರೆ ಜಪಾರ್ ನಿನ್ನೇನೇ ನಿಮ್ಮ ಕೋಣೆಗೆ ಚೆಂಡು ತಂದಿಟ್ಟುಬಿಟ್ಟಿದಾರೆ. ವಾಪಸ್ ಹೋಗಿ ಅನ್ನೋಕೆ ನಂಗೆ ನಾಚಿಕೆ. ಮೇಜು ಹಂಚ್ಕೊಳ್ಳಿ."

ಅಗಾಯ್ ಹಾಳೆಗಳ ಕಟ್ಟು ಹಿಡಿದು ಕೋಣೆಗೆ ಬಂದರು. ಮೇಜಿನ ಅರ್ಧಕ್ಕೆ ಜಪಾರ್ ಸೀಟಿಗಳನ್ನು ಜೋಡಿಸಿಕೊಂಡಿದ್ದ. ಉಳಿದ ಅರ್ಧದಲ್ಲಿ ಕಟ್ಟು ಬಿಚ್ಚಿದರು. ಈ ಸಲದ ಪ್ರಶ್ನೆ: ಎಂಟು ಲೀಟರ್ ಹಾಲು, ಅರ್ಧ ಲೀಟರಿನ ಬಾಟಲಿ, ಎಷ್ಟು ಬಾಟಲಿ ಬೇಕು? ಹದಿನಾರು ಬರೆದವರು ಬಹಳ ಇದ್ದರು. ತಪ್ಪು ಬರೆದವರೂ ಕಡಿಮೆಯಿರಲಿಲ್ಲ, ಆದರೆ ತಪ್ಪುಗಳು ಒಂದೊಂದೂ ಬೇರೆ ಬೇರೆ. ಒಬ್ಬ ಹನ್ನೆರಡು ಬರೆದಿದ್ದ, ಒಬ್ಬಳು ಎಂಟೂವರೆ. ಕೆಳಗಿನ ಹಳ್ಳಿಯ ಒಂದು ಮಗು 'ಹದಿನಾರು, ಚೆಲ್ಲದಿದ್ದರೆ' ಎಂದು ಬರೆದಿತ್ತು. ಅಗಾಯ್‌ಗೆ ಎಷ್ಟು ಸಂತೋಷವಾಯಿತೆಂದರೆ ಗಟ್ಟಿಯಾಗಿ ನಕ್ಕರು.

ಆಮೇಲೆ ಒಂದು ಹಾಳೆಯಲ್ಲಿ ರಬ್ಬರಿನ ಗುರುತು ಕಂಡಿತು. ನಗು ನಿಂತಿತು. ಎದ್ದು ಹೋಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ಬಹಳ ಹೊತ್ತು ಹಿಡಿದೇ ಇದ್ದರು.

"ಏನ್ ನೋಡ್ತಿದೀರ ಅಗಾಯ್?" ಎಂದ ಜಪಾರ್.

"ಮಗು ಏನೋ ಅಳಿಸಿದೆ. ಮೇಲೆ ಹದಿನಾರು ಬರೆದಿದೆ."

"ಅಳಿಸಿದ್ದು ಏನು?"

"ನಾಲ್ಕು."

"ಅದು ಸರೀನಾ, ತಪ್ಪಾ?"

"ತಪ್ಪು," ಎಂದರು ಅಗಾಯ್. "ಅದಕ್ಕೇ ಅಳಿಸಿದೆ."